ಉಪ್ಪಾಗೆಯ ಪುಡಿ ಸಾರವೋ, ಆಮ್ಲವೋ? ಕಸ್ಟಮ್ಸ್ ಸಂಕೇತದ ಬಗ್ಗೆ ಒಂದು ಉತ್ತರ

ಪ್ರಶ್ನೆ: ಹೊಸನಗರ ತಾಲ್ಲೂಕಿನಲ್ಲಿ ನಾವು ನಾಲ್ವರು ಸೇರಿ ಉಪ್ಪಾಗೆ ಎಂಬ ಹುಳಿ ಹಣ್ಣಿನ ಸಿಪ್ಪೆಯಿಂದ ಸಾರ ತೆಗೆಯುವ ಸಣ್ಣ ಘಟಕ ನಡೆಸುತ್ತಿದ್ದೇವೆ. ಸುಣ್ಣ ಹಾಕಿ ಇಳಿಸಿದ ಕ್ಯಾಲ್ಸಿಯಂ ಲವಣದ ಪುಡಿ ನಮ್ಮ ಮುಖ್ಯ ಸರಕು. ಅದರಲ್ಲಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಶೇ 60 ಇದೆ. ಈ ವರ್ಷದಿಂದ ಅದೇ ಶೇ 60ರ ಪೊಟ್ಯಾಸಿಯಂ ಲವಣವನ್ನೂ ಮಾಡುತ್ತಿದ್ದೇವೆ. ಜರ್ಮನಿಯ ಖರೀದಿದಾರರು ಎರಡಕ್ಕೂ ಕಸ್ಟಮ್ಸ್ ಸಂಕೇತ 2918 (ಸಾವಯವ ಆಮ್ಲಗಳದ್ದು) ಎಂದು ಬರೆಯಲು ಹೇಳುತ್ತಾರೆ. ಮಂಗಳೂರಿನ ಕಸ್ಟಮ್ಸ್ ಬ್ರೋಕರ್ ಎರಡೂ 1302 (ಸಸ್ಯಸಾರಗಳದ್ದು) ಎನ್ನುತ್ತಾರೆ. ನಮ್ಮ ಲೆಕ್ಕಪತ್ರ ನೋಡುವವರು ಜಿಎಸ್‌ಟಿ ಬಿಲ್ಲಿನಲ್ಲಿ ಇದುವರೆಗೆ ಸಿಟ್ರಿಕ್ ಆಮ್ಲದ ಸಂಕೇತವನ್ನೇ ಹಾಕಿಕೊಂಡು ಬಂದಿದ್ದಾರೆ. ಯಾವುದು ಸರಿ?

ಉತ್ತರ: ನಿಮ್ಮ ಮೂವರು ಸಲಹೆಗಾರರಲ್ಲಿ ಲೆಕ್ಕಪತ್ರದವರು ಹೇಳಿದ್ದು ಖಂಡಿತವಾಗಿ ತಪ್ಪು. ಉಳಿದಿಬ್ಬರ ಮಾತು ಅರ್ಧರ್ಧ ಸರಿ. ನಿಮ್ಮ ಎರಡು ಪುಡಿಗಳಿಗೆ ಒಂದೇ ಸಂಕೇತ ಹಾಕಬೇಕು ಎಂದು ಎಲ್ಲರೂ ಎಣಿಸಿರುವುದರಿಂದಲೇ ಈ ಗೊಂದಲ ಹುಟ್ಟಿದೆ. ಕ್ಯಾಲ್ಸಿಯಂ ಲವಣದ ಪುಡಿ 1302ಕ್ಕೂ ಪೊಟ್ಯಾಸಿಯಂ ಲವಣದ ಪುಡಿ 2918ಕ್ಕೂ ಸೇರುವ ಸಾಧ್ಯತೆಯೇ ಹೆಚ್ಚು ಎಂಬುದು ನನ್ನ ಅಭಿಪ್ರಾಯ. ಎರಡರ ಪ್ರಮಾಣಪತ್ರದಲ್ಲೂ ಶೇ 60 ಎಂದೇ ಇರುವಾಗ ಇದು ವಿಚಿತ್ರವಾಗಿ ಕಾಣಬಹುದು. ಆದರೆ ಆ ಅರವತ್ತು ಒಂದೇ ಅರವತ್ತಲ್ಲ.

ಮೊದಲು ಸಿಟ್ರಿಕ್ ಆಮ್ಲದ ವಿಷಯವನ್ನು ಮುಗಿಸುತ್ತೇನೆ. ಉಪ್ಪಾಗೆಯ ಹುಳಿ ಯಾವ ಆಮ್ಲದ್ದು ಎಂಬ ಬಗ್ಗೆ ಹಿಂದೆ ವಿಜ್ಞಾನಿಗಳಿಗೇ ತಪ್ಪು ತಿಳಿವಳಿಕೆಯಿತ್ತು. ಅದು ಟಾರ್ಟಾರಿಕ್ ಮತ್ತು ಸಿಟ್ರಿಕ್ ಆಮ್ಲಗಳ ಹುಳಿ ಎಂದು ನಂಬಲಾಗಿತ್ತು. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ ಲೂಯಿಸ್ ಮತ್ತು ನೀಲಕಂಠನ್ ಅವರು ಈ ಹಣ್ಣಿನ ಮುಖ್ಯ ಆಮ್ಲ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಎಂದು 1965ರಲ್ಲಿ ಪ್ರಕಟಿಸಿದರು. ಸಿಟ್ರಿಕ್ ಆಮ್ಲಕ್ಕಿಂತ ಇದರಲ್ಲಿ ಒಂದು ಆಮ್ಲಜನಕ ಪರಮಾಣು ಹೆಚ್ಚಿದೆ. ಹಾಗಾಗಿ ಅದರ ಅಣುತೂಕ ಸುಮಾರು 192 ಇದ್ದರೆ ಇದರದು ಸುಮಾರು 208. ಹೆಸರಿನ ಬಾಲದಲ್ಲಿ ‘ಸಿಟ್ರಿಕ್’ ಇದೆ ಎಂದ ಮಾತ್ರಕ್ಕೆ ಇದು ಸಿಟ್ರಿಕ್ ಆಮ್ಲವಾಗುವುದಿಲ್ಲ.

ಸುಂಕದ ಪಟ್ಟಿಯೂ ಇದನ್ನೇ ಹೇಳುತ್ತದೆ. ವಿಶ್ವ ಕಸ್ಟಮ್ಸ್ ಸಂಘಟನೆಯ ಸಮನ್ವಯ ವ್ಯವಸ್ಥೆಯು 1988ರ ಜನವರಿ 1ರಿಂದ ಜಾರಿಯಲ್ಲಿದ್ದು, ಅದರ ಮೊದಲ ಆರು ಅಂಕಿಗಳು ಭಾರತಕ್ಕೂ ಜರ್ಮನಿಗೂ ಒಂದೇ. ಅದರ 29ನೇ ಅಧ್ಯಾಯ ಸಾವಯವ ರಾಸಾಯನಿಕಗಳದ್ದು. (ಇಲ್ಲಿ ‘ಸಾವಯವ’ ಎಂದರೆ ಇಂಗಾಲದ ಸಂಯುಕ್ತಗಳು ಎಂದಷ್ಟೇ ಅರ್ಥ. ಗೊಬ್ಬರ, ಕೀಟನಾಶಕ ಬಳಸದ ಕೃಷಿಗೂ ಇದಕ್ಕೂ ಸಂಬಂಧವಿಲ್ಲ. ಸಾವಯವ ಕೃಷಿಯ ದೃಢೀಕರಣ ಪತ್ರವನ್ನು ಈ ಅಧ್ಯಾಯಕ್ಕೆ ಪುರಾವೆಯಾಗಿ ಲಗತ್ತಿಸಿದ ಕಡತವನ್ನು ನಾನೇ ನೋಡಿದ್ದೇನೆ, ಆದ್ದರಿಂದ ಹೇಳಬೇಕಾಯಿತು.) ಆಮ್ಲದ ಗುಣದ ಜೊತೆಗೆ ಆಲ್ಕೊಹಾಲ್, ಫೀನಾಲ್‌ನಂಥ ಮತ್ತೊಂದು ಆಮ್ಲಜನಕ ಗುಂಪನ್ನೂ ಹೊತ್ತಿರುವ ಕಾರ್ಬಾಕ್ಸಿಲಿಕ್ ಆಮ್ಲಗಳು ಆ ಅಧ್ಯಾಯದ 2918ನೇ ಶೀರ್ಷಿಕೆಯಡಿ ಬರುತ್ತವೆ. ಲ್ಯಾಕ್ಟಿಕ್ ಆಮ್ಲಕ್ಕೆ 2918.11, ಟಾರ್ಟಾರಿಕ್‌ಗೆ 2918.12, ಸಿಟ್ರಿಕ್‌ಗೆ 2918.14, ಸಿಟ್ರಿಕ್ ಆಮ್ಲದ ಲವಣ ಮತ್ತು ಎಸ್ಟರುಗಳಿಗೆ 2918.15, ಗ್ಲುಕೋನಿಕ್‌ಗೆ 2918.16 ಎಂದು ಹೆಸರು ಹೇಳಿಯೇ ಸ್ಥಾನ ಕೊಡಲಾಗಿದೆ. ಹೈಡ್ರಾಕ್ಸಿಸಿಟ್ರಿಕ್ ಆಮ್ಲದ ಹೆಸರು ಎಲ್ಲಿಯೂ ಇಲ್ಲ.

ಹೆಸರಿಲ್ಲದಿದ್ದರೆ ಸಿಟ್ರಿಕ್ ಆಮ್ಲದ ‘ವ್ಯುತ್ಪನ್ನ’ (ಅದರಿಂದ ರೂಪುಗೊಂಡ ಸಂಯುಕ್ತ) ಎಂದು ಪರಿಗಣಿಸಿ 2918.14ರಲ್ಲಿ ಇಡಬಹುದಲ್ಲವೇ ಎಂದು ನಿಮ್ಮ ಲೆಕ್ಕಪತ್ರದವರು ಕೇಳಬಹುದು. ಅದಕ್ಕೆ ಉತ್ತರ 29ನೇ ಅಧ್ಯಾಯದ ಉಪಶೀರ್ಷಿಕೆಗಳ (ಆರಂಕಿಯ ಸ್ಥಾನಗಳ) ಟಿಪ್ಪಣಿಯಲ್ಲಿದೆ. ಒಂದು ರಾಸಾಯನಿಕದ ವ್ಯುತ್ಪನ್ನಗಳನ್ನು ಆ ರಾಸಾಯನಿಕದ ಉಪಶೀರ್ಷಿಕೆಯಲ್ಲೇ ಇಡಬೇಕು, ಆದರೆ ಅದೇ ಸಾಲಿನಲ್ಲಿ ‘ಇತರೆ’ ಎಂಬ ಉಪಶೀರ್ಷಿಕೆ ಇದ್ದರೆ ಹಾಗೆ ಇಡಬಾರದು ಎನ್ನುತ್ತದೆ ಆ ಟಿಪ್ಪಣಿ. 2918.11ರಿಂದ ಹೊರಡುವ ಸಾಲಿನ ಕೊನೆಯಲ್ಲಿ 2918.19 ‘ಇತರೆ’ ಇದೆ. ಆದ್ದರಿಂದ ಶುದ್ಧ ಹೈಡ್ರಾಕ್ಸಿಸಿಟ್ರಿಕ್ ಆಮ್ಲದ ಸ್ಥಾನ ಅದೇ. ಭಾರತದ ಎಂಟಂಕಿಯ ಪಟ್ಟಿಯಲ್ಲಿ ಅದು 2918 19 90. ಆಮ್ಲದ ಬದಲು ಕ್ಯಾಲ್ಸಿಯಂ ಅಥವಾ ಪೊಟ್ಯಾಸಿಯಂ ಲವಣವಾದರೂ ಇದರಲ್ಲಿ ವ್ಯತ್ಯಾಸವಾಗದು, ಏಕೆಂದರೆ ಸಾವಯವ ಆಮ್ಲಗಳ ನಿರವಯವ ಲವಣಗಳನ್ನು ಆಯಾ ಆಮ್ಲದ ಶೀರ್ಷಿಕೆಯಲ್ಲೇ ಇಡಬೇಕೆಂದು ಅದೇ ಅಧ್ಯಾಯದ 5ನೇ ಟಿಪ್ಪಣಿ ಹೇಳುತ್ತದೆ.

ಸಿಟ್ರಿಕ್ ಆಮ್ಲದ ಸಂಕೇತವನ್ನು ಸುಮ್ಮನೆ ಹಾಕುವುದರ ಅಪಾಯ ಸಣ್ಣದಲ್ಲ. ಚೀನಾದಿಂದ ಬರುವ ಸಿಟ್ರಿಕ್ ಆಮ್ಲದ ಮೇಲೆ ಐರೋಪ್ಯ ಒಕ್ಕೂಟವು 2008ರಿಂದಲೂ ಅಮೆರಿಕವು 2009ರಿಂದಲೂ ಸುರಿ-ವಿರೋಧಿ ಸುಂಕ (ತೀರಾ ಅಗ್ಗದ ಸರಕು ಬಂದು ಸುರಿಯುವುದನ್ನು ತಡೆಯುವ ಆಂಟಿ-ಡಂಪಿಂಗ್ ಸುಂಕ) ವಿಧಿಸುತ್ತಿವೆ. ಆ ಸುಂಕ ನಿಮ್ಮ ಸರಕಿಗೆ ಅನ್ವಯಿಸುವುದಿಲ್ಲ. ಆದರೂ 2918.14 ಎಂದು ಕಂಡ ಕೂಡಲೇ ಅಲ್ಲಿನ ಅಧಿಕಾರಿಗಳು ಮೂಲದ ಬಗ್ಗೆ ಹೆಚ್ಚಿನ ದಾಖಲೆ ಕೇಳುವುದು ಸಹಜ. ನಿಮ್ಮದಲ್ಲದ ಸರಕಿನ ಹೆಸರಿನಲ್ಲಿ ನೀವು ಉತ್ತರ ಕೊಡುತ್ತ ನಿಲ್ಲಬೇಕಾಗುತ್ತದೆ. ಜಿಎಸ್‌ಟಿ ಬಿಲ್ಲಿನ ಸಂಕೇತವನ್ನು ಈ ತಿಂಗಳಿನಿಂದಲೇ ಸರಿಪಡಿಸಿ. ಹಳೆಯ ಬಿಲ್ಲುಗಳ ವಿಷಯವನ್ನು ನಿಮ್ಮ ತೆರಿಗೆ ಸಲಹೆಗಾರರೊಂದಿಗೆ ಕುಳಿತು ಇತ್ಯರ್ಥ ಮಾಡಿಕೊಳ್ಳಿ.

ಇನ್ನು ನಿಜವಾದ ಪ್ರಶ್ನೆಗೆ ಬರೋಣ. ಭಾರತದ ಸುಂಕದ ಪಟ್ಟಿಯಲ್ಲಿ ನಮ್ಮ ಉಪ್ಪಾಗೆಗೆ ಹೆಸರು ಹಿಡಿದು ಕೊಟ್ಟ ಒಂದು ಸ್ಥಾನವಿದೆ. ಸಸ್ಯರಸ ಮತ್ತು ಸಸ್ಯಸಾರಗಳ 1302ನೇ ಶೀರ್ಷಿಕೆಯಡಿ ಬೇವಿನ ಸಾರ, ಮಧುನಾಶಿನಿಯ ಸಾರಗಳ ಪಕ್ಕದಲ್ಲೇ 1302 19 18 ಎಂಬ ಎಂಟಂಕಿಯಲ್ಲಿ ‘ಗಾರ್ಸೀನಿಯಾ ಅಥವಾ ಗ್ಯಾಂಬೋಜ್ ಸಾರ’ ಎಂದಿದೆ. ಉಪ್ಪಾಗೆ ಗಾರ್ಸೀನಿಯಾ ಕುಲದ ಮರವೇ ತಾನೆ. ನಿಮ್ಮ ಬ್ರೋಕರ್ ಈ ಸಾಲನ್ನು ನೋಡಿಯೇ 1302 ಎಂದಿದ್ದಾರೆ ಎಂದು ಊಹಿಸುತ್ತೇನೆ. ಅನೇಕ ಅನುಭವಿಗಳೂ ಇಲ್ಲಿ ಒಂದು ಹೆಜ್ಜೆಯನ್ನು ಹಾರಿಬಿಡುತ್ತಾರೆ. ಎಂಟಂಕಿಯಲ್ಲಿ ಹೆಸರು ಸಿಕ್ಕಿತೆಂದು ವಾದ ಮುಗಿಸುವಂತಿಲ್ಲ. ಸುಂಕದ ಪಟ್ಟಿಯನ್ನು ಓದುವ ಕ್ರಮ ಹೇಳುವ ‘ವ್ಯಾಖ್ಯಾನದ ಸಾಮಾನ್ಯ ನಿಯಮಗಳ’ ಪ್ರಕಾರ ಮೊದಲು ನಾಲ್ಕಂಕಿಯ ಶೀರ್ಷಿಕೆಗಳನ್ನೂ ಅಧ್ಯಾಯಗಳ ಟಿಪ್ಪಣಿಗಳನ್ನೂ ಓದಿ ಸರಕು ಯಾವ ಶೀರ್ಷಿಕೆಗೆ ಸೇರಿದ್ದೆಂದು ತೀರ್ಮಾನಿಸಬೇಕು. ಆರನೇ ನಿಯಮದಂತೆ ಉಪಶೀರ್ಷಿಕೆಗಳನ್ನು ಆಮೇಲೆ, ಅದೂ ಸಮಾನ ಹಂತದವುಗಳನ್ನು ಮಾತ್ರ, ಹೋಲಿಸಬೇಕು. 1302 ಮತ್ತು 2918ರ ನಡುವಿನ ವ್ಯಾಜ್ಯವನ್ನು 1302ರ ಒಳಗಿನ ಹೆಸರು ಬಗೆಹರಿಸಲಾರದು. ಸಿಪ್ಪೆಯಿಂದ ಬಂದ ಪುಡಿ ಇನ್ನೂ ‘ಸಾರ’ವೇ, ಅಥವಾ ಈಗಾಗಲೇ ‘ಪ್ರತ್ಯೇಕ, ರಾಸಾಯನಿಕವಾಗಿ ನಿರ್ದಿಷ್ಟವಾದ ಸಂಯುಕ್ತ’ವಾಗಿಬಿಟ್ಟಿದೆಯೇ ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು. ಈ ಎರಡನೆಯ ಮಾತುಗಳು 29ನೇ ಅಧ್ಯಾಯದ ಮೊದಲ ಟಿಪ್ಪಣಿಯವು. ಆ ಅಧ್ಯಾಯಕ್ಕೆ ಪ್ರವೇಶ ಸಿಗಬೇಕಾದರೆ ಈ ಷರತ್ತನ್ನು ಪೂರೈಸಲೇಬೇಕು.

ಆ ಟಿಪ್ಪಣಿಯು ಕಲ್ಮಶವಿದ್ದರೂ ಪರವಾಗಿಲ್ಲ ಎನ್ನುತ್ತದೆ. ಆದರೆ ಕಲ್ಮಶವೆಂದರೆ ತಯಾರಿಕೆಯ ಕ್ರಮದಿಂದ, ಶುದ್ಧೀಕರಣವೂ ಸೇರಿ, ನೇರವಾಗಿ ಉಳಿದುಕೊಂಡದ್ದು ಮಾತ್ರ: ಬದಲಾಗದೆ ಉಳಿದ ಕಚ್ಚಾವಸ್ತು, ಅದರಲ್ಲೇ ಇದ್ದ ಬೇರೆ ಪದಾರ್ಥ, ಬಳಸಿದ ರಾಸಾಯನಿಕದ ಶೇಷ, ಉಪೋತ್ಪನ್ನ. ಬೇಕೆಂದೇ ಉಳಿಸಿದ್ದು, ಒಂದು ನಿರ್ದಿಷ್ಟ ಬಳಕೆಗೆ ಒಗ್ಗಲೆಂದು ಉಳಿಸಿದ್ದು ಕಲ್ಮಶವಲ್ಲ. ಶುದ್ಧತೆ ಶೇಕಡ ಇಷ್ಟಿರಬೇಕು ಎಂಬ ಸಾಮಾನ್ಯ ಮಿತಿಯನ್ನು ಎಲ್ಲಿಯೂ ಬರೆದಿಲ್ಲ. ಕೊಬ್ಬಿನ ಆಮ್ಲಗಳಂಥ ಕೆಲವು ವಸ್ತುಗಳ ವಿಷಯದಲ್ಲಿ ಮಾತ್ರ ಸಮನ್ವಯ ವ್ಯವಸ್ಥೆಯ ವಿವರಣಾ ಟಿಪ್ಪಣಿಗಳು ಸ್ಪಷ್ಟ ಅಂಕಿ ಕೊಡುತ್ತವೆ: ಉದಾಹರಣೆಗೆ, ಓಲಿಕ್ ಆಮ್ಲಕ್ಕೆ ಶೇ 85, ಸ್ಟಿಯರಿಕ್‌ನಂಥ ಇತರ ಆಮ್ಲಗಳಿಗೆ ಶೇ 90. ಅದಕ್ಕಿಂತ ಕಡಿಮೆಯಾದರೆ ಅವು ಕೈಗಾರಿಕಾ ಕೊಬ್ಬಿನ ಆಮ್ಲಗಳ 3823ಕ್ಕೆ ಹೋಗುತ್ತವೆ. ಹಣ್ಣಿನ ಆಮ್ಲಗಳಿಗೆ ಅಂಥ ಗೆರೆಯಿಲ್ಲದಿರುವುದರಿಂದ ನಿಮ್ಮ ವಿಶ್ಲೇಷಣಾ ಪ್ರಮಾಣಪತ್ರಕ್ಕೆ ಇಷ್ಟು ಮಹತ್ವ ಬಂದಿದೆ.

ಈಗ ಆ ಶೇ 60ರ ಲೆಕ್ಕವನ್ನು ಬಿಡಿಸಿ ನೋಡೋಣ. ಪ್ರಮಾಣಪತ್ರದಲ್ಲಿ ಬರೆಯುವ ಶೇಕಡಾವಾರು ಪುಡಿಯಲ್ಲಿರುವ ಲವಣದ್ದಲ್ಲ. ಆ ಲವಣದೊಳಗೆ ಇರುವ ಆಮ್ಲದ ಭಾಗವನ್ನು ಮಾತ್ರ ಅದು ಹೇಳುತ್ತದೆ. ಕ್ಯಾಲ್ಸಿಯಂ ಲವಣದ ಒಂದು ಘಟಕದಲ್ಲಿ ಮೂರು ಕ್ಯಾಲ್ಸಿಯಂ, ಎರಡು ಆಮ್ಲದ ಭಾಗಗಳಿದ್ದು ಒಟ್ಟು ತೂಕ ಸುಮಾರು 530. ಅದರಿಂದ ಸಿಗುವ ಆಮ್ಲದ ತೂಕ 416. ಅಂದರೆ ನೂರಕ್ಕೆ ನೂರು ಶುದ್ಧವಾದ, ತೇವವೇ ಇಲ್ಲದ ಕ್ಯಾಲ್ಸಿಯಂ ಲವಣವನ್ನು ಪರೀಕ್ಷೆಗೆ ಕಳಿಸಿದರೂ ವರದಿಯಲ್ಲಿ ಶೇ 78ರ ಆಸುಪಾಸು ಬರುತ್ತದೆಯೇ ಹೊರತು 100 ಬರುವುದಿಲ್ಲ. ಪೊಟ್ಯಾಸಿಯಂ ಲವಣದಲ್ಲಿ ಒಂದು ಆಮ್ಲಕ್ಕೆ ಮೂರು ಪೊಟ್ಯಾಸಿಯಂ. ತೂಕ ಸುಮಾರು 322, ಆಮ್ಲದ ಪಾಲು 208. ಪೂರ್ತಿ ಶುದ್ಧವಾದದ್ದೂ ಶೇ 64 ದಾಟಿ 65ರೊಳಗೆ ನಿಲ್ಲುತ್ತದೆ.

ನಿಮ್ಮ ಶೇ 60ನ್ನು ಈ ಎರಡು ಅಳತೆಗೋಲುಗಳ ಮೇಲೆ ಇಟ್ಟು ನೋಡಿ. ಕ್ಯಾಲ್ಸಿಯಂ ಪುಡಿಯಲ್ಲಿ ನಿಜವಾದ ಲವಣ ನೂರಕ್ಕೆ 76ರಷ್ಟು. ಉಳಿದ ಕಾಲು ಭಾಗ ತೇವ, ಹೆಚ್ಚಾದ ಸುಣ್ಣ, ಉಪ್ಪಾಗೆಯ ಇತರ ಆಮ್ಲಗಳ ಲವಣ, ಸಿಪ್ಪೆಯ ಬಣ್ಣ ಮತ್ತು ಅಂಟು. ಅದೇ ಶೇ 60ರ ಪೊಟ್ಯಾಸಿಯಂ ಪುಡಿಯಲ್ಲಿ ಲವಣ ನೂರಕ್ಕೆ 93ರಷ್ಟಾಗುತ್ತದೆ. ಮೊದಲನೆಯದು ಸಸ್ಯದ ಗುರುತನ್ನು ಇನ್ನೂ ಹೊತ್ತಿರುವ ಸಾರ. ಎರಡನೆಯದರಲ್ಲಿ ಸಸ್ಯದ್ದೆಂದು ಹೇಳಬಹುದಾದದ್ದು ಹೆಚ್ಚೇನೂ ಉಳಿದಿಲ್ಲ. ಅದು ಸ್ವಲ್ಪ ಕಲ್ಮಶವಿರುವ ಒಂದು ರಾಸಾಯನಿಕ. ಈ ಕಾರಣದಿಂದಲೇ ಒಂದನ್ನು 1302 19 18ರಲ್ಲಿ, ಇನ್ನೊಂದನ್ನು 2918 19 90ರಲ್ಲಿ ಇಡುವುದು ಸರಿಯೆಂದು ನಾನು ಭಾವಿಸುತ್ತೇನೆ.

ಕ್ಯಾಲ್ಸಿಯಂ ಪುಡಿಯ ವಿಷಯದಲ್ಲಿ ಎದುರು ವಾದವೂ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಸಿಪ್ಪೆಯಲ್ಲಿ ಆಮ್ಲ ಇರುವುದು ಮುಖ್ಯವಾಗಿ ಬಿಡಿಯಾಗಿ ಮತ್ತು ಲ್ಯಾಕ್ಟೋನ್ ರೂಪದಲ್ಲಿ (ಆಮ್ಲದ ಅಣು ತನ್ನೊಳಗೇ ಉಂಗುರದಂತೆ ಕೂಡಿಕೊಂಡ ರೂಪ). ಸುಣ್ಣ ಹಾಕಿದಾಗ ಅದು ಬೇರೆಯೇ ವಸ್ತುವಾಗಿ ತಳಕ್ಕಿಳಿಯುತ್ತದೆ. ಸಸ್ಯದಲ್ಲಿ ಇಲ್ಲದ ವಸ್ತುವನ್ನು ಸಸ್ಯದ ಸಾರ ಎನ್ನುವುದು ಹೇಗೆ ಎಂದು ಜರ್ಮನಿಯ ಅಧಿಕಾರಿ ಕೇಳಿದರೆ ಅದು ತೂಕದ ಪ್ರಶ್ನೆಯೇ. ಸುಣ್ಣವನ್ನು ಬಳಸಿದ್ದು ಹುಳಿಯನ್ನು ನೀರಿನಿಂದ ಬೇರ್ಪಡಿಸಿ ಪುಡಿಯಾಗಿ ಹಿಡಿದಿಡಲು, ಸಾರದ ಉಳಿದ ಅಂಶಗಳೂ ಅದರೊಂದಿಗೇ ಬಂದಿವೆ, ಮಾರಾಟವಾಗುತ್ತಿರುವುದೂ ಸಾರವೆಂದೇ ಎಂಬುದು ನನ್ನ ಉತ್ತರ. ಈ ಉತ್ತರ ನಿಲ್ಲಬೇಕಾದರೆ ದಾಖಲೆಗಳು ಅದಕ್ಕೆ ಹೊಂದಬೇಕು. ಕೆಲವು ವರ್ಷಗಳ ಹಿಂದೆ ನಮ್ಮ ಮಲೆನಾಡಿನದೇ ಒಂದು ಘಟಕದ ಸರಕಿನ ಕಡತವನ್ನು ನನ್ನ ಬಳಿ ತಂದಿದ್ದರು. ಇನ್‌ವಾಯ್ಸಿನಲ್ಲಿ ‘ಹಣ್ಣಿನ ಸಾರ’ ಎಂದಿತ್ತು, ಡ್ರಮ್ಮಿನ ಚೀಟಿಯಲ್ಲಿ ‘ಕ್ಯಾಲ್ಸಿಯಂ ಹೈಡ್ರಾಕ್ಸಿಸಿಟ್ರೇಟ್’ ಎಂದಿತ್ತು, ಪ್ರಮಾಣಪತ್ರದಲ್ಲಿ ‘ಸಾವಯವ ಆಮ್ಲ, ಶುದ್ಧತೆ ಶೇ 60’ ಎಂದಿತ್ತು. ಸರಕು ಒಂದೇ, ಹೆಸರು ಮೂರು. ಅದು ಬಂದರಿನಲ್ಲಿ ವಾರಗಟ್ಟಲೆ ನಿಂತದ್ದಕ್ಕೆ ಈ ಮೂರು ಹೆಸರುಗಳ ಹೊರತು ಬೇರೆ ಕಾರಣವಿರಲಿಲ್ಲ. ಮಳೆಗಾಲದಲ್ಲಿ ಮರ ಹತ್ತಿ ಹಣ್ಣು ಕೊಯ್ದು, ಒಲೆಯ ಮುಂದೆ ಹಗಲೂ ರಾತ್ರಿ ಕುಳಿತು ಸಿಪ್ಪೆ ಒಣಗಿಸಿದವರ ದುಡ್ಡು ಅಷ್ಟು ದಿನ ಅಲ್ಲಿ ಸಿಕ್ಕಿಕೊಂಡಿತ್ತು ಎಂಬುದನ್ನು ನೆನೆದರೆ ಇಂದಿಗೂ ನನಗೆ ಸಂಕಟವಾಗುತ್ತದೆ.

ಹಾಗಾಗಿ ಇನ್‌ವಾಯ್ಸ್, ಚೀಟಿ, ಪ್ರಮಾಣಪತ್ರ, ಶಿಪ್ಪಿಂಗ್ ಬಿಲ್ ನಾಲ್ಕರಲ್ಲೂ ಒಂದೇ ವಿವರಣೆ ಇರಲಿ. ಕ್ಯಾಲ್ಸಿಯಂ ಪುಡಿಗೆ, ಉದಾಹರಣೆಗೆ, ‘ಉಪ್ಪಾಗೆ ಹಣ್ಣಿನ ಒಣಸಿಪ್ಪೆಯ ಜಲಸಾರ, ಸುಣ್ಣದಿಂದ ಇಳಿಸಿ ಒಣಗಿಸಿದ್ದು, ಹೈಡ್ರಾಕ್ಸಿಸಿಟ್ರಿಕ್ ಆಮ್ಲವಾಗಿ ಲೆಕ್ಕ ಹಾಕಿದಾಗ ಶೇ 60’ ಎಂಬರ್ಥದ ಸಾಲನ್ನು ಸಸ್ಯದ ಶಾಸ್ತ್ರೀಯ ನಾಮದೊಂದಿಗೆ ಬರೆಯಿರಿ. ‘ಶುದ್ಧತೆ’ ಎಂಬ ಪದವನ್ನು ಈ ಪುಡಿಗೆ ಬಳಸಬೇಡಿ. ಪೊಟ್ಯಾಸಿಯಂ ಪುಡಿಗೆ ತದ್ವಿರುದ್ಧ: ಅಲ್ಲಿ ಲವಣದ ರಾಸಾಯನಿಕ ಹೆಸರು ಮೊದಲು ಬರಲಿ, ಸಿಎಎಸ್ ಸಂಖ್ಯೆ (ರಾಸಾಯನಿಕಗಳಿಗೆ ಕೊಡುವ ಅಂತರರಾಷ್ಟ್ರೀಯ ಗುರುತಿನ ಸಂಖ್ಯೆ) ಇರಲಿ, ಲವಣವಾಗಿ ಶುದ್ಧತೆ ಎಷ್ಟು, ಪೊಟ್ಯಾಸಿಯಂ ಎಷ್ಟು, ತೇವ ಎಷ್ಟು ಎಂಬುದೂ ಇರಲಿ.

ಪರೀಕ್ಷೆಯ ಕ್ರಮವನ್ನೂ ಗಮನಿಸಬೇಕು. ಕ್ಷಾರ ಹಾಕಿ ಅಳೆಯುವ ಸಾಮಾನ್ಯ ಟೈಟ್ರೇಷನ್‌ನಲ್ಲಿ ಪುಡಿಯಲ್ಲಿರುವ ಎಲ್ಲ ಆಮ್ಲಗಳೂ ಒಟ್ಟಾಗಿ ಎಣಿಕೆಗೆ ಬರುತ್ತವೆ, ಅವುಗಳಲ್ಲಿ ಯಾವುದು ಉಪ್ಪಾಗೆಯ ಆಮ್ಲ ಎಂದು ಅದು ಹೇಳಲಾರದು. ಎಚ್‌ಪಿಎಲ್‌ಸಿ ಪರೀಕ್ಷೆ (ಮಿಶ್ರಣದ ಅಂಶಗಳನ್ನು ಬೇರ್ಪಡಿಸಿ ಅಳೆಯುವ ಪ್ರಯೋಗಾಲಯದ ವಿಧಾನ) ಮಾತ್ರ ಹೈಡ್ರಾಕ್ಸಿಸಿಟ್ರಿಕ್ ಆಮ್ಲವನ್ನೂ ಅದರ ಲ್ಯಾಕ್ಟೋನನ್ನೂ ಸಿಟ್ರಿಕ್ ಆಮ್ಲವನ್ನೂ ಬೇರೆ ಬೇರೆಯಾಗಿ ತೋರಿಸುತ್ತದೆ. ಕಸ್ಟಮ್ಸ್ ಕಾಯ್ದೆಯ 144ನೇ ಕಲಮಿನಡಿ ಅಧಿಕಾರಿಗಳು ಮಾದರಿ ತೆಗೆದು ತಮ್ಮ ಪ್ರಯೋಗಾಲಯಕ್ಕೆ ಕಳಿಸಬಹುದು. ಅವರ ವರದಿಗೂ ನಿಮ್ಮದಕ್ಕೂ ಅಂತರ ಬಂದರೆ ಸಂದೇಹ ಬರುವುದು ನಿಮ್ಮ ಮೇಲೆಯೇ. ಖರ್ಚು ಹೆಚ್ಚಾದರೂ ಪ್ರತಿ ಬ್ಯಾಚಿಗೂ ಎಚ್‌ಪಿಎಲ್‌ಸಿ ವರದಿ ಮಾಡಿಸಿ.

ಮುಂದೆ ನೀವು ಕೈಹಾಕಬಹುದಾದ ಒಂದೆರಡು ಸರಕುಗಳ ಬಗ್ಗೆಯೂ ಹೇಳಿಬಿಡುತ್ತೇನೆ. ಲ್ಯಾಕ್ಟೋನನ್ನೇ ಹರಳಾಗಿ ಬೇರ್ಪಡಿಸಿದರೆ ಅದು 2918 ಅಲ್ಲ, ಲ್ಯಾಕ್ಟೋನುಗಳ 2932.20. ಒಂದೇ ಸಂಯುಕ್ತವು ಎರಡು ಶೀರ್ಷಿಕೆಗಳಿಗೆ ಹೊಂದುವಾಗ ಅಂಕಿಯ ಕ್ರಮದಲ್ಲಿ ಕೊನೆಯದನ್ನೇ ಹಿಡಿಯಬೇಕೆಂದು 29ನೇ ಅಧ್ಯಾಯದ 3ನೇ ಟಿಪ್ಪಣಿ ಹೇಳುತ್ತದೆ. ಸುಣ್ಣ ಹಾಕದೆ ಬತ್ತಿಸಿದ ಕಪ್ಪು ಹುಳಿ ದ್ರವದಲ್ಲಿ ಆಮ್ಲ ಮತ್ತು ಲ್ಯಾಕ್ಟೋನ್ ಎರಡೂ ಬೆರೆತಿರುತ್ತವೆ, ಅದು ನಿಸ್ಸಂದೇಹವಾಗಿ ಸಾರ. ಪುಡಿಯನ್ನು ಕ್ಯಾಪ್ಸೂಲಿಗೆ ತುಂಬಿ ಡಬ್ಬಿಯಲ್ಲಿ ಆಹಾರ ಪೂರಕವಾಗಿ ಮಾರಿದರೆ 2106ರ ಆಹಾರ ಸಿದ್ಧತೆಯಾಗುತ್ತದೆ. ಎಲ್ಲ ಬ್ಯಾಚುಗಳ ತೀವ್ರತೆಯನ್ನು ಒಂದೇ ಮಟ್ಟಕ್ಕೆ ತರಲು ಸ್ವಲ್ಪ ಪಿಷ್ಟಜನ್ಯ ಮಾಲ್ಟೊಡೆಕ್ಸ್‌ಟ್ರಿನ್ ಸೇರಿಸಿದ ಸಾರ ಸಾರವಾಗಿಯೇ ಉಳಿಯುತ್ತದೆ. ಬೇರೊಂದು ಗಿಡದ ಸಾರವನ್ನು ಬೆರೆಸಿದರೆ ಉಳಿಯದು. ಅಳಲೆಕಾಯಿಯ ಕೆಲಸವನ್ನೂ ಯೋಚಿಸುತ್ತಿದ್ದರೆ, ಅದರ ಟ್ಯಾನಿನ್ ಸಾರ 3201ಕ್ಕೆ ಸೇರುತ್ತದೆ, ಅದರಿಂದ ತೆಗೆದ ಗ್ಯಾಲಿಕ್ ಆಮ್ಲ 2918.29ಕ್ಕೆ.

ನಿಮ್ಮ ಖರೀದಿದಾರರ ಮಾತಿಗೆ ಎಷ್ಟು ಬೆಲೆ ಕೊಡಬೇಕು? ಅವರ ದೇಶದಲ್ಲಿ ಸುಂಕ ಕಟ್ಟುವವರು ಅವರು, ಅಲ್ಲಿನ ಸಂಕೇತದ ಹೊಣೆಯೂ ಅವರದೇ. ಆದರೆ ನಿಮ್ಮ ಶಿಪ್ಪಿಂಗ್ ಬಿಲ್ಲಿನಲ್ಲಿ ಸಹಿ ಮಾಡುವವರು ನೀವು. ನಮೂದಿಸಿದ ವಿವರಕ್ಕೆ ಹೊಂದದ ರಫ್ತು ಸರಕನ್ನು ಮುಟ್ಟುಗೋಲು ಹಾಕಿಕೊಳ್ಳಲು ಕಾಯ್ದೆಯ 113ನೇ ಕಲಂ ಅವಕಾಶ ಕೊಡುತ್ತದೆ. ರಾಡ್‌ಟೆಪ್‌ನಂಥ ರಫ್ತು ತೆರಿಗೆ ಮರುಪಾವತಿ ಯೋಜನೆಗಳ ದರಗಳೂ ಎಂಟಂಕಿಯ ಸಂಕೇತವನ್ನೇ ಅನುಸರಿಸುವುದರಿಂದ ತಪ್ಪು ಸಂಕೇತವು ತಪ್ಪು ಹಕ್ಕೊತ್ತಾಯವೂ ಆಗಿಬಿಡುತ್ತದೆ. ಖರೀದಿದಾರರಿಗೆ ಅಷ್ಟು ಖಚಿತವಿದ್ದರೆ ಅವರೇ ಐರೋಪ್ಯ ಒಕ್ಕೂಟದ ‘ಬದ್ಧ ಸುಂಕ ಮಾಹಿತಿ’ಗೆ ಅರ್ಜಿ ಹಾಕಲಿ. ಅದಕ್ಕೆ ಅರ್ಜಿ ಶುಲ್ಕವಿಲ್ಲ, ಮೂರು ವರ್ಷ ಒಕ್ಕೂಟದ ಎಲ್ಲ ದೇಶಗಳಲ್ಲೂ ಅದು ನಡೆಯುತ್ತದೆ. ಹಿಂದೆ ಕೊಟ್ಟ ತೀರ್ಮಾನಗಳ ಕೋಶವೂ ಸಾರ್ವಜನಿಕವಾಗಿದೆ. ಅಮೆರಿಕದ ಕಸ್ಟಮ್ಸ್ ಇಲಾಖೆಯ ತೀರ್ಮಾನಗಳನ್ನೂ ಹಾಗೆಯೇ ಹುಡುಕಿ ಓದಬಹುದು.

ನಮ್ಮಲ್ಲಿಯೂ ಅಂಥ ದಾರಿಯಿದೆ, ಮಲೆನಾಡಿನ ಸಣ್ಣ ರಫ್ತುದಾರರು ಅದನ್ನು ಬಳಸುವುದನ್ನು ಮಾತ್ರ ನಾನು ಕಂಡಿಲ್ಲ. ಕಸ್ಟಮ್ಸ್ ಕಾಯ್ದೆಯ 28ಎಚ್ ಕಲಮಿನಡಿ ದೆಹಲಿ ಅಥವಾ ಮುಂಬೈಯ ಮುಂಗಡ ತೀರ್ಮಾನ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಬಹುದು. ಆಮದು-ರಫ್ತು ಸಂಕೇತ ಸಂಖ್ಯೆ ಇದ್ದವರೆಲ್ಲ ಅರ್ಹರು, ಶುಲ್ಕ 10,000 ರೂಪಾಯಿ, ತೀರ್ಮಾನಕ್ಕೆ ಕಾಯ್ದೆ ಕೊಟ್ಟ ಗಡುವು ಮೂರು ತಿಂಗಳು. ಬಂದ ತೀರ್ಮಾನ, ಕಾನೂನೋ ಸಂಗತಿಗಳೋ ಬದಲಾಗದಿದ್ದರೆ, ಮೂರು ವರ್ಷ ನಿಮಗೂ ಕಸ್ಟಮ್ಸ್ ಆಯುಕ್ತರಿಗೂ ಬದ್ಧವಾಗಿರುತ್ತದೆ. ಒಂದು ಎಚ್ಚರಿಕೆ: ಅದೇ ಪ್ರಶ್ನೆ ಈಗಾಗಲೇ ಯಾವುದಾದರೂ ಅಧಿಕಾರಿಯ ಅಥವಾ ನ್ಯಾಯಮಂಡಳಿಯ ಮುಂದಿದ್ದರೆ ಅರ್ಜಿಯನ್ನು ತೆಗೆದುಕೊಳ್ಳುವುದಿಲ್ಲ. ಆದ್ದರಿಂದ ಸರಕು ಬಂದರಿನಲ್ಲಿ ಸಿಕ್ಕಿಬಿದ್ದ ಮೇಲೆ ಈ ದಾರಿ ನೆನಪಾದರೆ ಪ್ರಯೋಜನವಿಲ್ಲ. ಎರಡೂ ಪುಡಿಗಳಿಗೆ ಪ್ರತ್ಯೇಕ ಪ್ರಶ್ನೆಗಳನ್ನು ಬರೆಯಿರಿ. ಸಿಪ್ಪೆಯಿಂದ ಡ್ರಮ್ಮಿನವರೆಗಿನ ತಯಾರಿಕೆಯ ಹಂತಗಳು, ಬಳಸುವ ಸುಣ್ಣ ಅಥವಾ ಕಾಸ್ಟಿಕ್ ಪೊಟ್ಯಾಷ್‌ನ ಪ್ರಮಾಣ, ಮೂರು ಬ್ಯಾಚುಗಳ ಎಚ್‌ಪಿಎಲ್‌ಸಿ ವರದಿ, ಮೇಲೆ ಬಿಡಿಸಿ ತೋರಿಸಿದ 76 ಮತ್ತು 93ರ ಲೆಕ್ಕ ಇವಿಷ್ಟನ್ನೂ ಲಗತ್ತಿಸಿ.

ಆಷಾಢದಲ್ಲಿ ಹಣ್ಣು ಕೊಯ್ದು ಸಿಪ್ಪೆ ಒಣಗಿ ನಿಮ್ಮ ಘಟಕಕ್ಕೆ ಬರುವಷ್ಟರಲ್ಲಿ ಆಗಸ್ಟ್ ಮುಗಿದಿರುತ್ತದೆ, ಹೊಸ ಸರಕಿನ ಮೊದಲ ಡ್ರಮ್ಮು ಪಣಂಬೂರು ಬಂದರಿನ ಕಡೆಗೆ ಹೊರಡುವುದು ಅಕ್ಟೋಬರಿನಲ್ಲಿ. ಹಿಂದಿನ ವರ್ಷದ ಮಾದರಿಗಳನ್ನು ಇಟ್ಟುಕೊಂಡು ಜೂನ್ ಮೊದಲ ವಾರದಲ್ಲೇ ಅರ್ಜಿ ಹಾಕಿದರೆ ಗಡುವಿನ ಪ್ರಕಾರ ಸೆಪ್ಟೆಂಬರಿನ ಹೊತ್ತಿಗೆ ತೀರ್ಮಾನ ನಿಮ್ಮ ಕೈಯಲ್ಲಿರಬೇಕು. ಅಲ್ಲಿಯವರೆಗೆ ಕಳಿಸಬೇಕಾದ ಕ್ಯಾಲ್ಸಿಯಂ ಪುಡಿಯನ್ನು 1302 19 18ರಲ್ಲೇ ಕಳಿಸಿ. ಪೊಟ್ಯಾಸಿಯಂ ಪುಡಿಯ ಮೊದಲ ರಫ್ತನ್ನು, ಖರೀದಿದಾರರು ಕಾಯಲು ಒಪ್ಪಿದರೆ, ತೀರ್ಮಾನ ಬರುವ ತನಕ ತಡೆಹಿಡಿಯಿರಿ.